ಕಟ್ಟದ ಕೋಣೆಯ ಬಾಡಿಗೆ

ನಿನ್ನೆ ಗಂಗಾವತಿಯ ಹೋಟೆಲ್ಲೊಂದರ ಎಸಿ ಹಾಲಿನಲ್ಲಿ, ನಿವೃತ್ತರಿಗೆ ಹೂಡಿಕೆಯ ಆಸೆ ತೋರಿಸುವ ಸಭೆಯೊಂದರಲ್ಲಿ ಎರಡು ತಾಸು ಕುಳಿತು ಬಂದೆ, ಸಿಟ್ಟು ಇನ್ನೂ ಇಳಿದಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸರಳಬಡ್ಡಿ, ಚಕ್ರಬಡ್ಡಿ ಕಲಿಸಿದ ನನ್ನನ್ನು ಅಲ್ಲಿಗೆ ಕರೆದೊಯ್ದವರು ನನ್ನ ಜೊತೆಗೇ ನಿವೃತ್ತರಾದ ಇನ್ನೊಬ್ಬ ಮೇಷ್ಟ್ರು. ‘ಊಟ ಭಾಳ ಚೊಲೊ ಇರ್ತದ, ಬರ್ರಿ’ ಎಂದಿದ್ದರು. ಊಟದ ಮಟ್ಟಿಗೆ ಅವರು ಹೇಳಿದ್ದು ನಿಜ.

ಯಾವುದೋ ದೂರದ ದ್ವೀಪದಲ್ಲಿ ರೆಸಾರ್ಟ್ ಕಟ್ಟುತ್ತಾರಂತೆ. ಒಂದು ಕೋಣೆಗೆ 25 ಲಕ್ಷ. ಕಟ್ಟಡ ಮುಗಿಯಲು ಮೂರು ವರ್ಷ ಬೇಕು, ಆದರೆ ವರ್ಷಕ್ಕೆ ಶೇ 12ರ ಬಾಡಿಗೆ ಮಾತ್ರ ಬರುವ ತಿಂಗಳಿನಿಂದಲೇ ಶುರು. ಕುಳಿತಿದ್ದವರಲ್ಲಿ ಬಹುಪಾಲು ತಲೆ ನೆರೆತವರೇ. ಟೈ ಕಟ್ಟಿದ ಹುಡುಗ ಒಬ್ಬೊಬ್ಬರ ಬಳಿಯೂ ಬಗ್ಗಿ, ‘ಡಿಸಿಆರ್‌ಜಿ ಬಂತೇನ್ರಿ ಸರ್? ಕಮ್ಯುಟೇಷನ್? ಕೆಜಿಐಡಿ?’ ಎಂದು ನಿವೃತ್ತಿಗೆ ಬರುವ ಗ್ರಾಚ್ಯುಟಿ, ಪಿಂಚಣಿಯ ಮುಂಗಡ ಗಂಟು, ಸರ್ಕಾರಿ ವಿಮೆ ಎಲ್ಲವನ್ನೂ ವಿಚಾರಿಸುತ್ತಿದ್ದ. ನಮ್ಮ ಖಜಾನೆಯ ಗುಮಾಸ್ತನೂ ಇಷ್ಟು ಅಕ್ಕರೆಯಿಂದ ಕೇಳಿದ್ದಿಲ್ಲ.

ನಾನು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದೆ: ಗೋಡೆಯಿಲ್ಲದ, ಸೂರಿಲ್ಲದ, ಒಬ್ಬ ಅತಿಥಿಯೂ ಮಲಗಿ ಏಳದ ಕೋಣೆಗೆ ಬಾಡಿಗೆ ಕೊಡುವವರು ಯಾರು? 25 ಲಕ್ಷಕ್ಕೆ ಶೇ 12 ಎಂದರೆ ವರ್ಷಕ್ಕೆ 3 ಲಕ್ಷ, ಮೂರು ವರ್ಷಕ್ಕೆ 9 ಲಕ್ಷ. ಅದು ನನ್ನ ಗಂಟಿನಿಂದಲೇ ಬಿಚ್ಚಿ ನನಗೇ ಕೊಡುವ ಹಣ, ಇಲ್ಲವೇ ನನ್ನ ಹಿಂದಿನ ಕುರ್ಚಿಯಲ್ಲಿ ಕುಳಿತವರ ಗಂಟಿನದು. ಏಳನೇ ಇಯತ್ತೆಯ ಹುಡುಗನಿಗೂ ತಿಳಿಯುವ ಲೆಕ್ಕ ಇದು. ‘ಸರ್, ಪಾಸಿಟಿವ್ ಆಗಿ ಯೋಚನೆ ಮಾಡ್ರಿ’ ಎಂಬ ಉತ್ತರ ಬಂತು. ಹಾಲಿನಲ್ಲಿದ್ದವರು ನಕ್ಕರು. ನಕ್ಕದ್ದು ನನ್ನನ್ನು ನೋಡಿ.

ಆಮೇಲೆ ರಿಸರ್ವ್ ಬ್ಯಾಂಕಿನ ಹೆಸರು ಬಂತು. ‘ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಹೊರಗ ಕಳಸಾಕ ಆರ್‌ಬಿಐನ ಅನುಮತಿ ಕೊಟ್ಟದ’ ಎಂದರು. ಕೊಟ್ಟಿದೆ, ನಿಜ. 2004ರಿಂದ ಇರುವ ಉದಾರೀಕೃತ ರವಾನೆ ಯೋಜನೆಯಲ್ಲಿ ಈಗಿನ ಮಿತಿ 2,50,000 ಡಾಲರ್. ಆದರೆ ಅದು ಹಣ ಹೋಗಲು ತೆರೆದ ಬಾಗಿಲು, ಮರಳಿ ಬರುತ್ತದೆಂದು ರಿಸರ್ವ್ ಬ್ಯಾಂಕ್ ಯಾರಿಗೂ ಬರೆದುಕೊಟ್ಟಿಲ್ಲ. ಬಸ್ಸಿಗೆ ಪರ್ಮಿಟ್ ಇದೆಯೆಂದು ಡ್ರೈವರನಿಗೆ ಬ್ರೇಕ್ ಹಾಕಲು ಬರುತ್ತದೆಂದು ನಂಬಿದ ಹಾಗಾಯಿತು.

ಇದು ಹೊಸ ಆಟವೂ ಅಲ್ಲ. ಇಂಗ್ಲೆಂಡಿನ ಹಾರ್ಲೆಕ್ವಿನ್ ಎಂಬ ಕಂಪನಿ ಕೆರಿಬಿಯನ್ ದ್ವೀಪಗಳಲ್ಲಿ ವಿಲ್ಲಾ ಕಟ್ಟುತ್ತೇನೆಂದು ಎಂಟು ಸಾವಿರಕ್ಕೂ ಹೆಚ್ಚು ಜನರಿಂದ ಹಣ ಎತ್ತಿತು. ಅವರಲ್ಲಿ ಎಷ್ಟೋ ಜನ ಸಲಹೆಗಾರರ ಮಾತು ಕೇಳಿ, ನೌಕರಿಯ ಪಿಂಚಣಿ ನಿಧಿಯನ್ನೇ ಸ್ವಂತ ಹೂಡಿಕೆಯ ಪಿಂಚಣಿ ಖಾತೆಗೆ ವರ್ಗಾಯಿಸಿ, ಅಲ್ಲಿಂದ ಇದಕ್ಕೆ ಸುರಿದವರು. ಕೊಟ್ಟ ಮುಂಗಡದ ದೊಡ್ಡ ಪಾಲು ದಲ್ಲಾಳಿಗಳ ಕಮಿಷನ್ನಿಗೇ ಹೋಯಿತು. ಮಾರಿದ ವಿಲ್ಲಾಗಳ ಪೈಕಿ ಎದ್ದು ನಿಂತವು ತೀರಾ ಕಡಿಮೆ. ಮಾಲೀಕ ಡೇವಿಡ್ ಏಮ್ಸ್‌ಗೆ 2022ರಲ್ಲಿ ಲಂಡನ್ನಿನ ನ್ಯಾಯಾಲಯ 12 ವರ್ಷದ ಜೈಲು ವಿಧಿಸಿತು. ಸೇಂಟ್ ವಿನ್ಸೆಂಟ್ ದ್ವೀಪದಲ್ಲಿ ಅವನು ಒಂದಷ್ಟು ಕಟ್ಟಿ ನಡೆಸಿದ್ದ ಬುಕ್ಕಮೆಂಟ್ ಬೇ ರೆಸಾರ್ಟ್ 2016ರ ಕೊನೆಗೆ ಮುಚ್ಚಿತು. ಅದೇ ಕೊಲ್ಲಿಯಲ್ಲಿ 2024ರಲ್ಲಿ ಬೇರೆ ಕಂಪನಿಯ ಐಷಾರಾಮಿ ರೆಸಾರ್ಟ್ ತೆರೆದಿದೆ. ಆದ್ದರಿಂದ ‘ಜಾಗ ಖರೇನ ಅದ, ಫೋಟೋ ನೋಡ್ರಿ’ ಎನ್ನುವವರಿಗೆ ನನ್ನದೇನೂ ತಕರಾರಿಲ್ಲ. ಕಡಲು ಖರೆ, ಮರಳು ಖರೆ, ತೆಂಗಿನ ಮರವೂ ಖರೆ.

ಎಲ್ಲ ರೆಸಾರ್ಟುಗಳೂ ಮೋಸವೇನು ಎಂದು ಕೆಲವರು ಕೇಳಬಹುದು. ಅಲ್ಲ. ಖಾಸಗಿ ಹೂಡಿಕೆದಾರರ ಹಣದಿಂದ ಎದ್ದು ಲಾಭ ಮಾಡಿದ ಹೋಟೆಲುಗಳು ಬೇಕಾದಷ್ಟಿವೆ. ಆ ಹೂಡಿಕೆದಾರರಿಗೆ ಹತ್ತರಲ್ಲಿ ಮೂರು ಮುಳುಗಿದರೂ ರಾತ್ರಿ ನಿದ್ದೆ ಬರುತ್ತದೆ. ನಮಗಿರುವುದು ಒಂದೇ ಗಂಟು. ಯೋಜನೆ ಕುಸಿದರೆ ಅಡವಿಟ್ಟುಕೊಂಡ ಬ್ಯಾಂಕ್ ಮೊದಲು ತನ್ನ ಪಾಲು ಎತ್ತಿಕೊಳ್ಳುತ್ತದೆ, ದಲ್ಲಾಳಿ ಅಷ್ಟರೊಳಗೆ ಎತ್ತಿಕೊಂಡಾಗಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ತಲುಪದ ಕೊನೆ ಭಾಗದ ರೈತನ ಪಾಡು ಏನೆಂದು ಗಂಗಾವತಿಯವರಿಗೆ ನಾನು ಹೇಳಬೇಕೇ?

ಕಾಣುವ ನೆಲದ ಗತಿಯನ್ನೂ ನೋಡಿದ್ದೇವೆ. ನಮ್ಮದೇ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ಸಾಲು ಸಾಲು ರೆಸಾರ್ಟುಗಳಿದ್ದವು. 2020ರ ಫೆಬ್ರವರಿಯಲ್ಲಿ ಅವು ಅಕ್ರಮವೆಂದು ಸುಪ್ರೀಂ ಕೋರ್ಟ್ ತೀರ್ಪು ಬಂತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಅಲ್ಲಿ ಕೋಣೆಗಳು ನಿಂತಿದ್ದವು, ವಿದೇಶಿಯರು ತುಂಬಿರುತ್ತಿದ್ದರು, ಬಾಡಿಗೆ ಬರುತ್ತಿತ್ತು. ಕಾಗದ ಗಟ್ಟಿಯಿಲ್ಲದಿದ್ದರೆ ಕೊಪ್ಪಳ ಜಿಲ್ಲೆಯಲ್ಲೇ ಹೀಗಾಗುವಾಗ, ಯಾವ ಭಾಷೆಯಲ್ಲಿ ಅರ್ಜಿ ಬರೆಯಬೇಕೆಂದೂ ಗೊತ್ತಿಲ್ಲದ ದೇಶದಲ್ಲಿ ನಾವು ಯಾವ ಕಚೇರಿಯ ಕಟ್ಟೆ ಹತ್ತೋಣ?

ಇಷ್ಟೊಂದು ಕೂಗಾಡುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿದೆ. ತೊಂಬತ್ತರ ದಶಕದಲ್ಲಿ ಸಾಗುವಾನಿ ತೋಟದ ಕಂಪನಿಯೊಂದಕ್ಕೆ ನಾನು ಹತ್ತು ಸಾವಿರ ಕಟ್ಟಿದ್ದೆ. ಹಸಿರು ಮರದ ಚಿತ್ರವಿರುವ ಅದರ ಸರ್ಟಿಫಿಕೇಟ್ ಇಂದಿಗೂ ಟ್ರಂಕಿನ ತಳದಲ್ಲಿದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 1999ರಲ್ಲಿ ಇಂಥ ಸಾಮೂಹಿಕ ಹೂಡಿಕೆಗಳಿಗೆ ನಿಯಮ ಮಾಡುವ ಹೊತ್ತಿಗೆ ನಮ್ಮ ಕಂಪನಿಯ ಕಚೇರಿಗೆ ಬೀಗ ಬಿದ್ದಿತ್ತು. ನನ್ನ ಹತ್ತು ಸಾವಿರ ಹೋಗಲಿ. ನನ್ನ ಮಾತು ಕೇಳಿ ನಮ್ಮ ಶಾಲೆಯ ಜವಾನನೂ ಐದು ಸಾವಿರ ಕಟ್ಟಿದ್ದ. ಅವನು ಒಮ್ಮೆಯೂ ಕೇಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಈಗಲೂ ‘ನಮಸ್ಕಾರ್ರಿ ಸರ್’ ಎನ್ನುತ್ತಾನೆ, ನಾನು ಬಸ್ಸಿನ ಬೋರ್ಡು ಓದುವವನಂತೆ ತಲೆ ಎತ್ತುತ್ತೇನೆ.

ಆದ್ದರಿಂದ ನನ್ನನ್ನು ಕರೆದೊಯ್ದ ಮೇಷ್ಟ್ರನ್ನು ಗದರಿಸುವ ಯೋಗ್ಯತೆ ನನಗಿಲ್ಲ. ವಾಪಸು ಬರುವಾಗ ಆಟೋದಲ್ಲಿ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಾತೆತ್ತಿದೆ: 30 ಲಕ್ಷದವರೆಗೆ ಇಡಬಹುದು, ಶೇ 8.2ರ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಕೈಗೆ ಬರುತ್ತದೆ. ‘ಅದರಾಗ ಸಮುದ್ರ ಎಲ್ಲದ?’ ಎಂದು ನಕ್ಕರು. ಅವರ ಚೆಕ್ಕಿನಲ್ಲಿ ಸೋಮವಾರದ ತಾರೀಖು ಇದೆ. ಆ ನೆಲ ಯಾರ ಹೆಸರಿನಲ್ಲಿದೆ ಎಂಬ ಒಂದು ಕಾಗದವನ್ನಾದರೂ ತರಿಸಿಕೊಳ್ಳಿ, ಅಲ್ಲಿಯವರೆಗೆ ಚೆಕ್ ಕೊಡಬೇಡಿ ಎಂದು ರಾತ್ರಿ ವಾಟ್ಸ್‌ಆ್ಯಪ್ ಮಾಡಿದೆ. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ.