ಗಂಡನ ಮನೆಯ ಎರಡನೇ ದೇವರು

ಮದುವೆಯಾದ ಮೇಲೆ ಗಂಡನ ಮನೆದೇವರೇ ಹೆಂಡತಿಗೂ ಮನೆದೇವರು. ನನಗೆ ಹಾಗೆ ಎರಡು ದೇವರು ಸಿಕ್ಕವು. ಒಂದು ಧರ್ಮಸ್ಥಳದ ಮಂಜುನಾಥ, ಇನ್ನೊಂದು ಇಂಗ್ಲೆಂಡಿನ ಡೀಪ್ ಪರ್ಪಲ್ ಅನ್ನೋ ರಾಕ್ ಬ್ಯಾಂಡು. ಮಂಜುನಾಥನಿಗೆ ವರ್ಷಕ್ಕೊಮ್ಮೆ ಹೋಗಿ ಕೈಮುಗಿದು ಬಂದರೆ ಆಯ್ತು. ಆತ ಭಾನುವಾರ ಬೆಳಗ್ಗೆ ನಮ್ಮ ಹಾಲ್‌ಗೆ ಬಂದು ಕಿರುಚುವುದಿಲ್ಲ.

ನಮ್ಮ ಯಜಮಾನ್ರು 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ಬ್ಯಾಂಡನ್ನು ಕಣ್ಣಾರೆ ಕಂಡವರು. ಆಗ ನಮಗಿನ್ನೂ ಮದುವೆಯಾಗಿರಲಿಲ್ಲ. ಆ ಸಂಜೆಯ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆ ಅಂದ್ರೆ, ಅವರು ಎಲ್ಲಿ ಉಸಿರು ತಗೋತಾರೆ ಅನ್ನೋದೂ ನನಗೆ ಗೊತ್ತು. ನಾಮಕರಣಕ್ಕೆ ಹೋದರೂ ಹೇಳುತ್ತಾರೆ, ತಿಥಿ ಊಟಕ್ಕೆ ಕೂತರೂ ಹೇಳುತ್ತಾರೆ. ಪಕ್ಕದ ಎಲೆಯವರು ಇನ್ನೊಂದು ವಡೆ ಹಾಕಿಸಿಕೊಳ್ಳುತ್ತಾ "ಹೌದಾ, ಹೌದಾ" ಅನ್ನುತ್ತಿರುತ್ತಾರೆ. ಅವರಿಗೆ ಎದ್ದು ಹೋಗುವ ಹಾಗಿಲ್ಲ, ಇನ್ನೂ ಮಜ್ಜಿಗೆ ಬಂದಿರುವುದಿಲ್ಲ.

ಇಷ್ಟಕ್ಕೂ ಈ ಬ್ಯಾಂಡ್ ಅಷ್ಟೊಂದು ದೊಡ್ಡದಾ? ನಮ್ಮವರ ವಾದ ಸುಲಭ. ಗಿಟಾರ್ ಹಿಡಿದವರೆಲ್ಲ ಮೊದಲು ಕಲಿಯುವುದೇ ಇವರ 'ಸ್ಮೋಕ್ ಆನ್ ದ ವಾಟರ್' ಹಾಡಿನ ರಿಫ್, ಅಂದ್ರೆ ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಸಾಲದ್ದಕ್ಕೆ ಗಿನ್ನೆಸ್ ಪುಸ್ತಕದಲ್ಲಿ ಜಗತ್ತಿನ ಅತಿ ಜೋರಿನ ಬ್ಯಾಂಡ್ ಅಂತ ಹೆಸರು ಬಂದಿತ್ತು. ಇನ್ನೇನು ಬೇಕು?

ನನ್ನ ತಕರಾರು ಶುರುವಾಗುವುದೇ ಇಲ್ಲಿ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳೆಲ್ಲ ಶುರುವಿನಲ್ಲೇ ಮಲಹರಿ ರಾಗದ 'ಲಂಬೋದರ ಲಕುಮಿಕರ' ಹಾಡುತ್ತಾರೆ. ಹಾಗಂತ ಪುರಂದರದಾಸರು ದೊಡ್ಡವರಾಗಿದ್ದು ಆ ಪಿಳ್ಳಾರಿ ಗೀತೆಯಿಂದ ಅಂತ ಯಾರಾದರೂ ಹೇಳುತ್ತಾರಾ? ಇನ್ನು ಜೋರು. 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಇವರ ಸದ್ದು 117 ಡೆಸಿಬೆಲ್ ಮುಟ್ಟಿ, ಕೇಳಲು ಬಂದವರಲ್ಲಿ ಮೂವರು ಪ್ರಜ್ಞೆ ತಪ್ಪಿದರಂತೆ. ಅದೇ ಅರ್ಹತೆ ಅನ್ನೋದಾದರೆ ನಮ್ಮ ಬೀದಿಯ ಗಣೇಶನ ವಿಸರ್ಜನೆಗೆ ಬರುವ ಡಿಜೆ ಗಾಡಿಗೂ ಒಂದು ಸನ್ಮಾನ ಮಾಡಿ, ಶಾಲು ಹೊದಿಸಿ ಅಂದೆ. ಅವತ್ತು ರಾತ್ರಿ ನಮ್ಮವರು ಮಾತಿಲ್ಲದೆ ಊಟ ಮಾಡಿದರು.

ಆ ರಿಫ್ ನಮ್ಮ ಮನೆಗೆ ತಂದ ಫಜೀತಿ ಒಂದೆರಡಲ್ಲ. ಮೊದಲು ಅದು ಅವರ ಫೋನಿನ ರಿಂಗ್‌ಟೋನ್ ಆಗಿತ್ತು. ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪುರೋಹಿತರು ಕಥೆಯ ಮುಖ್ಯ ಘಟ್ಟಕ್ಕೆ ಬಂದಿದ್ದರು. ಕಲಾವತಿ ಪ್ರಸಾದ ಬಿಟ್ಟು ಓಡಿದ್ದಾಳೆ, ಅವಳ ಗಂಡನ ಹಡಗು ನೀರಲ್ಲಿ ಮುಳುಗುತ್ತಿದೆ. ಸರಿಯಾಗಿ ಆಗಲೇ ನಮ್ಮವರ ಜೇಬಿನಿಂದ ಡಂ ಡಂ ಡಂ, ಡಂ ಡಂ ಡ-ಡಂ. ಪಂಚೆ ಉಟ್ಟ ಮನುಷ್ಯ, ಒಳಗೆ ಬರ್ಮುಡಾ, ಅದರ ಜೇಬಿನಲ್ಲಿ ಫೋನು. ಕೈ ಹೋಗುವುದಿಲ್ಲ. ಹಡಗು ಮುಳುಗುತ್ತಲೇ ಇತ್ತು. ಪುರೋಹಿತರು ಪುಸ್ತಕದಿಂದ ತಲೆ ಎತ್ತಿ, "ಹಿನ್ನೆಲೆ ಸಂಗೀತ ಸರಿಯಾಗೇ ಇದೆ ಸ್ವಾಮಿ, ಆದ್ರೂ ಸ್ವಲ್ಪ ಬಂದ್ ಮಾಡಿ" ಅಂದರು.

ಆಮೇಲೆ ಮಗನಿಗೆ ಗಿಟಾರ್ ಬಂತು. ಜತೆಗೆ ಅದರ ಸದ್ದು ಜೋರು ಮಾಡೋಕೆ ಒಂದು ಪುಟ್ಟ ಆಂಪ್. ಡೀಪ್ ಪರ್ಪಲ್ಲಿನ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಈ ರಿಫ್ಫನ್ನು ಎರಡು ತಂತಿ ಒಟ್ಟಿಗೆ, ತಂತಿ ಮೀಟುವ ಪಿಕ್ ಇಲ್ಲದೆ, ಬೆರಳಲ್ಲೇ ಮೀಟಿ ನುಡಿಸುತ್ತಾರೆ. ನಮ್ಮ ಮಗ, ಅವನ ಕ್ಲಾಸಿನ ಅಷ್ಟೂ ಮಕ್ಕಳ ಹಾಗೆ, ಒಂದೇ ತಂತಿಯಲ್ಲಿ ಪಿಕ್ ಹಿಡಿದು ಕುಟ್ಟುತ್ತಿದ್ದ. ಅದೂ ಮೊದಲ ಅರ್ಧ ಮಾತ್ರ. ಉಳಿದರ್ಧ ಯಾವತ್ತೂ ಬರುತ್ತಿರಲಿಲ್ಲ. ಮೂರು ಸೀನಿ ನಾಲ್ಕನೆಯದು ಬರದವರ ಎದುರು ಕೂತ ಹಾಗೆ ನಾವೆಲ್ಲ ಕಾಯುತ್ತಿದ್ದೆವು.

ಆಂಪಿಗೆ ಪ್ಲಗ್ ಪಾಯಿಂಟ್ ಸಿಕ್ಕಿದ್ದು ಅಡುಗೆಮನೆ ಬಾಗಿಲ ಪಕ್ಕ, ನಮ್ಮ ಗ್ರೈಂಡರಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ. ಅತ್ತೆ ಹಿಟ್ಟಿಗೆ ಹಾಕಿದರು, ಮಗ ಆಂಪ್ ಹಾಕಿದ. ಗ್ರೈಂಡರಿನ ಗುರ್ ಸದ್ದು ಕಲ್ಲಿನಿಂದಲೂ ಬರುತ್ತಿತ್ತು, ಸ್ಪೀಕರಿನಿಂದಲೂ ಬರುತ್ತಿತ್ತು. "ಏ, ಇದಕ್ಕೇನೋ ಆಗಿದೆ ನೋಡೇ" ಅಂತ ಅತ್ತೆ ಗ್ರೈಂಡರಿನ ಕಿವಿ ಹಿಡಿದು ಅಲ್ಲಾಡಿಸಿದರು. ಒಳಗಿಂದ ನಮ್ಮವರು "ಇದೇ ನೋಡು, ಡಿಸ್ಟಾರ್ಷನ್ ಅಂದ್ರೆ ಇದೇ" ಅಂತ ಕುಣಿದರು. ಅಷ್ಟರಲ್ಲಿ ಟಪ್ ಅಂತ ಎಂಸಿಬಿ ಬಿತ್ತು. ಮನೆ ಕತ್ತಲು. ಕೆಳಗಿನ ಮನೆ ರಾಯರು, ರಿಟೈರ್ ಆದವರು, ಮೆಟ್ಟಿಲ ಕೆಳಗಿನಿಂದ ಕೂಗಿದರು: "ಅಮ್ಮಾ, ಕರೆಂಟ್ ಹೋಯ್ತಾ? ಹೋಗಲಿ ಬಿಡಿ, ಈಗಲೇ ಹಾಕಬೇಡಿ." ಮಾರನೇ ದಿನ ತರಿತರಿ ಹಿಟ್ಟಿನ ದೋಸೆ. ಹೆಂಚಿನಿಂದ ಒಂದೂ ಎದ್ದು ಬರಲಿಲ್ಲ.

ಆ ದೋಸೆ ಕೆರೆಯುತ್ತಾ ಕೆರೆಯುತ್ತಾ ನನಗೆ ಛಲ ಹತ್ತಿತು. ನಮ್ಮ ಮನೆ ಕರೆಂಟು ತೆಗೆದ ಹಾಡಿನ ಹುಟ್ಟು ಏನು ಅಂತ ಓದತೊಡಗಿದೆ. ಓದಿದರೆ, ಅವರದ್ದೂ ನಮ್ಮ ಮನೆಯ ಕಥೆಯೇ.

1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನ ಮಾಂಟ್ರೋ ಅನ್ನೋ ಊರು, ಜಿನೀವಾ ಸರೋವರದ ದಂಡೆ. ಅಲ್ಲಿನ ಕ್ಯಾಸಿನೋದಲ್ಲಿ ಹೊಸ ಆಲ್ಬಂ ರೆಕಾರ್ಡ್ ಮಾಡೋಣ ಅಂತ ಡೀಪ್ ಪರ್ಪಲ್‌ನವರು ಹೋದರು. ರೆಕಾರ್ಡಿಂಗ್ ಸಾಮಾನೆಲ್ಲ ತುಂಬಿದ ಒಂದು ಲಾರಿಯನ್ನು ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರಿಂದ ಬಾಡಿಗೆಗೆ ತಂದಿದ್ದರು. ಅವರ ಕೆಲಸಕ್ಕೆ ಮುಂಚೆ, ಡಿಸೆಂಬರ್ 4ಕ್ಕೆ, ಅದೇ ಕ್ಯಾಸಿನೋದಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಅವರ ಕಾರ್ಯಕ್ರಮವಿತ್ತು. ನಡುವೆ ಯಾವನೋ ಪುಣ್ಯಾತ್ಮ ಸಿಗ್ನಲ್ಲಿಗೆ ಬೆಂಕಿಯುಂಡೆ ಹಾರಿಸುವ ಫ್ಲೇರ್ ಗನ್ ತೆಗೆದು ಚಾವಣಿಗೆ ಹಾರಿಸಿದ. ಚಾವಣಿಗೆ ಬೆತ್ತದ ಹೊದಿಕೆ. ಇಡೀ ಕ್ಯಾಸಿನೋ ಉರಿದುಹೋಯಿತು. ಮಾಂಟ್ರೋ ಜಾಝ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ಒಳಗೆ ಓಡಿ ಮಕ್ಕಳನ್ನು ಹೊರಗೆಳೆದು ತಂದರು. ಯಾರೂ ಸಾಯಲಿಲ್ಲ. ಸರೋವರದ ಮೇಲೆ ಹೊಗೆ ಹರಡುವುದನ್ನು ಇವರು ದೂರದಿಂದ ನೋಡುತ್ತಾ ಕೂತರು. ಕೆಲವು ದಿನ ಕಳೆದ ಮೇಲೆ ಬಾಸ್ ನುಡಿಸುವ ರೋಜರ್ ಗ್ಲೋವರ್ ನಿದ್ದೆಯಿಂದ ಎದ್ದಾಗ ಬಾಯಿಗೆ ಬಂದದ್ದು 'ಸ್ಮೋಕ್ ಆನ್ ದ ವಾಟರ್', ನೀರ ಮೇಲೆ ಹೊಗೆ, ಅನ್ನೋ ನಾಲ್ಕು ಪದ. ಹಾಡಿನ ಸಾಹಿತ್ಯ ಅಂದ್ರೆ ಇಷ್ಟೇ. ಬೆಂಕಿ ಬಿತ್ತು, ಜಾಗ ಹೋಯ್ತು, ನಾವು ಒದ್ದಾಡಿದೆವು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಹಾಕುವಂಥ ವರದಿ ಅದು, ರಾಗ ಹಾಕಿದ್ದಾರೆ ಅಷ್ಟೆ.

ಜಾಗ ಹೋದ ಮೇಲೆ ಊರಲ್ಲೇ ಪೆವಿಲಿಯನ್ ಅನ್ನೋ ಇನ್ನೊಂದು ಥಿಯೇಟರ್ ಹಿಡಿದರು. ರಾತ್ರಿ ಈ ರಿಫ್ ನುಡಿಸಲು ಶುರು ಮಾಡಿದ್ದೇ ತಡ, ಅಕ್ಕಪಕ್ಕದವರು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರೆ, ಟೇಕ್ ಮುಗಿಯುವ ತನಕ ಬ್ಯಾಂಡಿನ ಕೆಲಸದ ಹುಡುಗರು ಒಳಗಿನಿಂದ ಬಾಗಿಲು ಒತ್ತಿ ಹಿಡಿದಿದ್ದರಂತೆ. ಇದನ್ನು ನಾನು ರಾಯರಿಗೆ ಹೇಳಿದೆ. ಅವರು ಸ್ವಿಸ್ ಪೊಲೀಸರನ್ನು ತುಂಬಾ ಮೆಚ್ಚಿಕೊಂಡರು.

ಕೊನೆಗೆ ಸಿಕ್ಕಿದ್ದು ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಗ್ರ್ಯಾಂಡ್ ಹೋಟೆಲ್. ಒಳಗೆ ಕೊರೆಯುವ ಚಳಿ. ಕಾರಿಡಾರಿನಲ್ಲಿ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಸದ್ದು ಕಟ್ಟಿದರು. ಲಾರಿ ಹೊರಗೆ ನಿಂತಿತ್ತು. ಈಗ ತಾನೇ ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ರೂಮುಗಳನ್ನು ದಾಟಿ, ಬಾಲ್ಕನಿ ಹಾರಿ, ಚಳಿಯಲ್ಲಿ ಲಾರಿಗೆ ಹೋಗಬೇಕು. ಸ್ವಲ್ಪ ದಿನಕ್ಕೆ ಅದೂ ಬೇಜಾರಾಗಿ, ಚೆನ್ನಾಗಿ ಬಂತು ಅನ್ನಿಸಿದರೆ ಬಂತು ಅಂತ ಮುಂದೆ ಹೋಗಿಬಿಟ್ಟರು. ಹಾಗೆ ಕೇಳದೇ ಬಿಟ್ಟ ಆಲ್ಬಮ್ಮೇ 'ಮಷೀನ್ ಹೆಡ್'. 1972ರ ಮಾರ್ಚ್‌ನಲ್ಲಿ ಬಂತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇ ಏರಿತು.

ಇನ್ನೊಂದು ತಮಾಷೆ ಇದೆ. 'ಸ್ಮೋಕ್ ಆನ್ ದ ವಾಟರ್' ಓಡುತ್ತೆ ಅಂತ ಅವರಿಗೇ ನಂಬಿಕೆ ಇರಲಿಲ್ಲ, ಅಮೆರಿಕದಲ್ಲಿ ಸಿಂಗಲ್, ಅಂದ್ರೆ ಬಿಡಿ ಹಾಡಿನ ರೆಕಾರ್ಡ್ ಆಗಿ ಬಿಟ್ಟಿದ್ದೇ 1973ರಲ್ಲಿ. ಅದೇ ತರ 'ಮೇಡ್ ಇನ್ ಜಪಾನ್'. ಜಪಾನಿನ ಕಂಪನಿಯವರು ಒಂದು ಲೈವ್ ರೆಕಾರ್ಡ್ ಬೇಕು ಅಂದದ್ದಕ್ಕೆ 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೋಗಳಲ್ಲಿ ಮಾಡಿದ್ದು. ಬ್ಯಾಂಡಿಗೆ ಅದರ ಮೇಲೆ ಅಂಥ ಆಸಕ್ತಿಯೇನೂ ಇರಲಿಲ್ಲ. ಲೈವ್ ಆಲ್ಬಂ ಅಂದ್ರೆ ಈಗ ಜನ ಮೊದಲು ಹೆಸರು ಹೇಳುವುದೇ ಅದರದ್ದು. 'ಹೈವೇ ಸ್ಟಾರ್' ಹುಟ್ಟಿದ್ದು ಬಸ್ಸಿನಲ್ಲಿ. ಹಾಡು ಹೇಗೆ ಕಟ್ಟುತ್ತೀರಿ ಅಂತ ಪತ್ರಕರ್ತರು ಕೇಳಿದಾಗ ಬ್ಲ್ಯಾಕ್‌ಮೋರ್ ಗಿಟಾರ್ ತಗೊಂಡು "ಹೀಗೆ" ಅಂತ ಬಾರಿಸಿದರು, ಗಾಯಕ ಗಿಲನ್ ಬಾಯಿಗೆ ಬಂದದ್ದು ಹಾಡಿದರು. ಅವತ್ತು ರಾತ್ರಿಯೇ ಅದು ವೇದಿಕೆ ಹತ್ತಿತು.

ನಮ್ಮವರಿಗೆ ಇದನ್ನೆಲ್ಲ ಓದಿ ಹೇಳಿದಾಗ ಅವರ ಮುಖ ಅರಳಿತು. ಹೆಂಡತಿ ದಾರಿಗೆ ಬಂದಳು ಅಂದುಕೊಂಡರು. ಆಗ 'ಚೈಲ್ಡ್ ಇನ್ ಟೈಮ್' ವಿಷಯ ತೆಗೆದೆ. ಅದು ಅವರ ಕಣ್ಣಲ್ಲಿ ನೀರು ಬರಿಸುವ ಹಾಡು. ಇಯಾನ್ ಗಿಲನ್ ಅದರಲ್ಲಿ ಸ್ವರವನ್ನು ಎಳೆದು ಎಳೆದು ಎಷ್ಟು ಮೇಲಕ್ಕೆ ಒಯ್ಯುತ್ತಾರೆ ಅಂದ್ರೆ, ನಮ್ಮ ಬೀದಿನಾಯಿ ಉತ್ತರ ಕೊಡುತ್ತೆ. ಆ ಹಾಡಿನ ಮೊದಲ ಎಳೆ ಬಂದದ್ದು ಸ್ಯಾನ್‌ಫ್ರಾನ್ಸಿಸ್ಕೋದ 'ಇಟ್ಸ್ ಎ ಬ್ಯೂಟಿಫುಲ್ ಡೇ' ಅನ್ನೋ ಬ್ಯಾಂಡಿನ 'ಬಾಂಬೆ ಕಾಲಿಂಗ್' ಅನ್ನೋ ತುಣುಕಿನಿಂದ. ಗಿಲನ್ ಅವರೇ ಒಪ್ಪಿಕೊಂಡ ಮಾತು. "ರೀ, ನೀವು ಅಳ್ತಾ ಇರೋದು ಬಾಂಬೆಗೆ" ಅಂದೆ. "ಸುಮ್ನಿರೇ, ರಾಗ ಯಾರಪ್ಪನ ಸೊತ್ತೂ ಅಲ್ಲ" ಅಂದರು. ಅದೂ ನಿಜ ಅಲ್ವಾ. ಆ ಅಮೆರಿಕದ ಬ್ಯಾಂಡಿನವರೂ ಇವರದ್ದೊಂದು ಧಾಟಿ ಎತ್ತಿ ಲೆಕ್ಕ ಚುಕ್ತಾ ಮಾಡಿದ್ದಾರೆ.

ದೊಡ್ಡಸ್ತಿಕೆಗೆ ಪೆಟ್ಟು ಬಿದ್ದಿದ್ದೆಲ್ಲ ಅವರವರ ಜಗಳದಿಂದ. ಒಟ್ಟು ಕುಟುಂಬದಲ್ಲಿ ಬದುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಲನ್‌ಗೂ ಬ್ಲ್ಯಾಕ್‌ಮೋರ್‌ಗೂ ಆಗುತ್ತಿರಲಿಲ್ಲ. 1973ರಲ್ಲಿ ಗಿಲನ್ ಹೋದರು, 1975ರಲ್ಲಿ ಬ್ಲ್ಯಾಕ್‌ಮೋರ್ ಹೋದರು, 1976ರಲ್ಲಿ ಬ್ಯಾಂಡೇ ಮುಚ್ಚಿತು. 1984ರಲ್ಲಿ ಮತ್ತೆ ಒಟ್ಟಾದರು, ಮತ್ತೆ ಕಿತ್ತಾಡಿದರು. ನಡುವೆ 1974ರ ಕ್ಯಾಲಿಫೋರ್ನಿಯಾ ಜಾಮ್ ಅನ್ನೋ ಸಂಗೀತೋತ್ಸವ. ಸೂರ್ಯ ಮುಳುಗುವವರೆಗೆ ವೇದಿಕೆ ಹತ್ತಲ್ಲ ಅಂತ ಬ್ಲ್ಯಾಕ್‌ಮೋರ್ ಹಠ ಹಿಡಿದರು. ಹತ್ತಿದ ಮೇಲೆ ಗಿಟಾರಿನಿಂದ ಟಿವಿಯವರ ಕ್ಯಾಮೆರಾಗೆ ತಿವಿದು, ಆಂಪಿಗೆ ಬೆಂಕಿ ಹಚ್ಚಿಸಿ, ಹೆಲಿಕಾಪ್ಟರಿನಲ್ಲಿ ಪರಾರಿ. ನಮ್ಮವರಿಗೆ ಇದು ವೀರಗಾಥೆ. ನನ್ನ ಲೆಕ್ಕದಲ್ಲಿ ಮದುವೆಮನೆಯಲ್ಲಿ ತಟ್ಟೆ ಎಸೆಯುವ ಬೀಗರು ಕೂಡ ಇದಕ್ಕಿಂತ ವಾಸಿ. ಅವರಿಗೆ ಹೆಲಿಕಾಪ್ಟರ್ ಖರ್ಚಿಲ್ಲ.

1980ರಲ್ಲಿ ನಡೆದದ್ದಂತೂ ಇನ್ನೂ ಚೆಂದ. ಬ್ಯಾಂಡ್ ಮುಚ್ಚಿದ್ದೇ ಸರಿ, ಮೊದಲ ಗಾಯಕ ರಾಡ್ ಇವಾನ್ಸ್ ಬೇರೆ ಯಾರ್‍ಯಾರನ್ನೋ ಸೇರಿಸಿಕೊಂಡು 'ಡೀಪ್ ಪರ್ಪಲ್' ಬೋರ್ಡು ಹಾಕಿ ಊರೂರು ಸುತ್ತಿದರು. ಮೂಲದವರು ಕೋರ್ಟಿಗೆ ಹೋದರು. 6,72,000 ಡಾಲರ್ ದಂಡ ಬಿತ್ತು. ಡೂಪ್ಲಿಕೇಟ್ ಮಾಲು ಹುಟ್ಟಿಕೊಂಡಿದೆ ಅಂದ್ರೆ ಹೆಸರಿಗೆ ಬೆಲೆ ಇದೆ ಅಂತ ತಾನೇ? ದಾವಣಗೆರೆ ಬೆಣ್ಣೆ ದೋಸೆ ಬೋರ್ಡು ಹಾಕಿದವರೆಲ್ಲ ದಾವಣಗೆರೆಯವರಾ?

ದೊಡ್ಡ ಸಂಗೀತಗಾರರನ್ನು ಆರಿಸಿ ಗೌರವಿಸುವ ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಮಾತ್ರ ಈ ಬೆಲೆ ಬೇಗ ಕಾಣಲಿಲ್ಲ. 1993ರಿಂದ ಅರ್ಹತೆ ಇತ್ತು, ಒಳಗೆ ಬಿಟ್ಟಿದ್ದು 2016ರಲ್ಲಿ. ಅಷ್ಟರಲ್ಲಿ ಬ್ಯಾಂಡಿನಲ್ಲಿ ಆರ್ಗನ್ ಅನ್ನೋ ಕೀಬೋರ್ಡ್ ವಾದ್ಯ ನುಡಿಸುತ್ತಿದ್ದ ಜಾನ್ ಲಾರ್ಡ್ ತೀರಿಕೊಂಡು ಹೆಚ್ಚುಕಮ್ಮಿ ನಾಲ್ಕು ವರ್ಷವಾಗಿತ್ತು. ಬ್ಲ್ಯಾಕ್‌ಮೋರ್ ಬರಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಲಾರ್ಡ್ ವಿಷಯಕ್ಕೆ. ಡೀಪ್ ಪರ್ಪಲ್ ಅಂದ್ರೆ ಗಿಟಾರ್ ಅಂತ ನಮ್ಮವರು ಕೂಗುತ್ತಾರೆ. ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಮಾರ್ಷಲ್ ಗಿಟಾರ್ ಆಂಪಿಗೆ ಜೋಡಿಸಿ ಗುರುಗುಡಿಸುತ್ತಿದ್ದರು. 'ಹೈವೇ ಸ್ಟಾರ್'ನಲ್ಲಿ ಆರ್ಗನ್ ಸೋಲೋ ಬರುವಾಗ ಪಾತ್ರೆ ತೊಳೆಯುವುದು ಬಿಟ್ಟು ನಿಂತುಬಿಡುತ್ತೇನೆ. ಅದು ಗಿಟಾರಿನ ಮುಂದೆ ಕೈಕಟ್ಟಿ ನಿಲ್ಲುವ ವಾದ್ಯ ಅಲ್ಲ, ಜಗಳಕ್ಕೇ ಬರುತ್ತೆ. 1969ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜತೆ ಇಡೀ ಬ್ಯಾಂಡನ್ನು ಕೂರಿಸಿ ಕನ್ಚರ್ಟೋ ಅನ್ನೋ ದೊಡ್ಡ ಶಾಸ್ತ್ರೀಯ ಕೃತಿ ನುಡಿಸಿದ್ದೂ ಇದೇ ಲಾರ್ಡ್ ಬರೆದದ್ದು.

ಹಾಗಾಗಿ ನನ್ನ ತೀರ್ಪು: ಹೆಸರಿಗೆ ಅರ್ಹರು, ಆದರೆ 1970ರಿಂದ 73ರವರೆಗಿನ ಕೆಲಸಕ್ಕೆ. ಆಮೇಲಿನ ಮುಕ್ಕಾಲು ಪಾಲು ಹಳೇ ಪುಣ್ಯದ ಬಡ್ಡಿ. ಮತ್ತೆ ಆ ಅರ್ಹತೆ ರಿಫ್ಫಿನಿಂದಲೂ ಅಲ್ಲ, ಡೆಸಿಬೆಲ್‌ನಿಂದಲೂ ಅಲ್ಲ. ಸುಟ್ಟ ಕ್ಯಾಸಿನೋ, ಪೊಲೀಸ್ ಕಾಟ, ಮರಗಟ್ಟುವ ಹೋಟೆಲ್ಲು, ಇಷ್ಟರ ನಡುವೆ ಐದು ಜನ ಒಂದೇ ಕಾರಿಡಾರಿನಲ್ಲಿ ಒಬ್ಬರನ್ನೊಬ್ಬರು ಮೀರಿಸುವ ಹಾಗೆ ನುಡಿಸಿದರಲ್ಲ, ಅದಕ್ಕೆ.

ನಮ್ಮವರು ಈ ತೀರ್ಪು ಒಪ್ಪಿಲ್ಲ. ಮೇಲ್ಮನವಿ ಹಾಕಿಕೊಂಡು, 2024ರಲ್ಲಿ ಬಂದ ಹೊಸ ಆಲ್ಬಂ ಕೇಳಿಸಿದರು. ಆಲ್ಬಂ ಬಂದಾಗ ಎಪ್ಪತ್ತೆಂಟು ವರ್ಷವಾಗಿದ್ದ ಗಿಲನ್ ಅದರಲ್ಲೂ ಹಾಡಿದ್ದಾರೆ. ಗಂಟಲು ಮೊದಲಿನ ಹಾಗೆ ಮೇಲೆ ಹೋಗುವುದಿಲ್ಲ, ಬೀದಿನಾಯಿ ಸುಮ್ಮನೆ ಮಲಗಿತ್ತು. ಆದರೂ ಹಿಂದೆ ಡ್ರಮ್ ಕೇಳಿ, ಚೆನ್ನಾಗೇ ಇದೆ. ಇಯಾನ್ ಪೇಸ್, 1968ರಲ್ಲಿ ಬ್ಯಾಂಡ್ ಶುರುವಾದಾಗಿನಿಂದ ಇವತ್ತಿನವರೆಗೆ ಯಾವ ಜಗಳಕ್ಕೂ ಮನೆಬಿಟ್ಟು ಹೋಗದ ಒಬ್ಬನೇ ಒಬ್ಬ ಮನುಷ್ಯ. ಎಡಗೈಯವರು ಬೇರೆ. ನಾನು ಊಟದ ಹೊತ್ತಿಗೆ ಇವರನ್ನು ಸ್ವಲ್ಪ ಜಾಸ್ತಿಯೇ ಹೊಗಳಿದೆ ಅಂತ ಕಾಣುತ್ತೆ. ನಮ್ಮ ಮಗನೂ ಎಡಚ. ಗಿಟಾರ್ ಮೂಲೆಗೆ ಸೇರಿದೆ, ಡ್ರಮ್ ಕ್ಲಾಸಿನ ಫೀಸ್ ಕಟ್ಟಿಯಾಗಿದೆ.

ರಾಯರಿಗೆ ಇನ್ನೂ ಹೇಳಿಲ್ಲ.