ಹೋಗಿ ಅಂತ ಎಲ್ಲರೂ ಹೇಳ್ತಾರೆ, ಹೋಗೋದು ಹೇಗೆ ಅಂತ ಯಾರೂ ಹೇಳಲ್ಲ

ಕಳೆದ ವಾರ ಆಲೂರು ಕಡೆಯ ಗೆಳೆಯನೊಬ್ಬ ನನ್ನ ಮೋಟರ್ ರಿಪೇರಿ ಅಂಗಡಿಗೆ ಬಂದಿದ್ದ. ಸುಟ್ಟ ಮೋಟರ್ ಇಳಿಸಿದ, ಕಾಫಿ ಕುಡಿದ, ಶುಂಠಿ ರೇಟಿಗೆ ಒಂದಷ್ಟು ಬೈದ. ಹೊರಡುವಾಗ ಶಟರ್ ಹತ್ತಿರ ನಿಂತು ಮೆಲ್ಲಗೆ ಕೇಳಿದ: “ನೀವು ಗಂಡ ಹೆಂಡ್ತಿ ಯಾರೋ ಮೇಡಂ ಹತ್ರ ಹೋಗ್ತೀರಂತಲ್ಲ. ಅಲ್ಲಿ ಏನ್ ಮಾಡ್ತಾರೆ? ಮಲಗಿಸ್ತಾರಾ?”

ಮಲಗಿಸಲ್ಲ ಕಣಯ್ಯ. ಅದು ಕೌನ್ಸೆಲಿಂಗ್. ಕುರ್ಚಿ ಇರುತ್ತದೆ, ಕೂತು ಮಾತಾಡೋದು ಅಷ್ಟೆ. ಆದರೆ ಅವನ ಪ್ರಶ್ನೆ ನನಗೆ ಇಷ್ಟವಾಯಿತು. ಫೇಸ್‌ಬುಕ್ ತುಂಬ ಈಗ ‘ಮನಸ್ಸಿನ ಆರೋಗ್ಯ ಮುಖ್ಯ, ಸಹಾಯ ಕೇಳಲು ಹಿಂಜರಿಯಬೇಡಿ’ ಅನ್ನುವ ಪೋಸ್ಟುಗಳೇ. ಸರಿ, ಹಿಂಜರಿಯಲ್ಲ. ಆಮೇಲೆ? ಯಾರಿಗೆ ಫೋನ್ ಮಾಡೋದು, ಎಷ್ಟು ದುಡ್ಡು, ಸ್ಕೂಟರ್ ಎಲ್ಲಿ ನಿಲ್ಲಿಸೋದು? ಅದನ್ನು ಯಾರೂ ಬರೆಯಲ್ಲ. ಹಾಸನದಂಥ ಊರಲ್ಲಿ ಜನ ಹೋಗದೆ ಇರುವುದು ನಾಚಿಕೆಯಿಂದ ಅಂತಾರೆ. ನನ್ನ ಪ್ರಕಾರ ಅರ್ಧ ಜನ ನಿಂತುಬಿಡುವುದು ಇಂಥ ಸಣ್ಣ ವಿಷಯ ಗೊತ್ತಿಲ್ಲದೆ.

ನನ್ನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ಮೇಲೆ ನಿದ್ದೆ ಹೋಯಿತು. ರಾತ್ರಿ 3 ಗಂಟೆಗೆ ಎಚ್ಚರ, ಎದೆಯಲ್ಲಿ ಬಿಗಿತ. ಇಸಿಜಿ, ಎಕೋ ಎಲ್ಲ ಮಾಡಿಸಿದೆ, ಎಲ್ಲವೂ ಸರಿ ಇತ್ತು. ಅದೇ ಹೊತ್ತಿಗೆ ತಮ್ಮನಿಗೆ 4 ಲಕ್ಷ ಕೊಟ್ಟಿದ್ದೆ. ಹೆಂಡತಿಗೆ ಹೇಳಿರಲಿಲ್ಲ. ಪಾಸ್‌ಬುಕ್ ಹೇಳಿತು. ಆಮೇಲೆ 7 ತಿಂಗಳು ನಮ್ಮ ಮನೆಯಲ್ಲಿ ಮಾತು ಅಂದರೆ ‘ಗ್ಯಾಸ್ ಬುಕ್ ಮಾಡಿದ್ರಾ’, ‘ಮಗಳ ಫೀಸ್ ಕಟ್ಟಾಯ್ತಾ’ ಅಷ್ಟೆ. “ಹಾಸನಾಂಬೆ ಬಾಗಿಲಾದ್ರೂ ವರ್ಷಕ್ಕೊಂದ್ ಸಲ ತೆಗೀತಾರೆ, ನಿಮ್ಮ ಬಾಯಿ ಅದೂ ಇಲ್ಲ” ಅಂತ ಒಂದು ದಿನ ಅಂದಳು. ಆ 7 ತಿಂಗಳಲ್ಲಿ ಅವಳು ನನಗೆ ಹೇಳಿದ ಅತಿ ಉದ್ದದ ಮಾತು ಅದು.

ಮೊದಲು ಮನೆಯವರೇ ಪಂಚಾಯ್ತಿ ಮಾಡಿದರು. ಅವಳ ಸೋದರಮಾವ, ನಮ್ಮ ದೊಡ್ಡಪ್ಪ, ಊರಿನ ಇನ್ನೊಬ್ಬ ಹಿರಿಯರು. ಬಾಳೆಹಣ್ಣು, ಕಾಫಿ ಆಯಿತು. ‘ಹೊಂದ್ಕೊಂಡ್ ಹೋಗ್ರಪ್ಪ’ ಅಂದರು. ಇಬ್ಬರೂ ತಲೆ ಆಡಿಸಿದೆವು. ಅವರ ಕಾರು ಗೇಟು ದಾಟುವ ಮುಂಚೆಯೇ ಮತ್ತೆ ಮೌನ.

ಆಮೇಲೆ ಒಬ್ಬ ‘ಕೌನ್ಸೆಲರ್’ ಹತ್ತಿರ ಹೋದೆವು. ಹೆಸರು, ಜಾಗ ಬೇಡ. ಹೊರಗೆ ಕೂತಿದ್ದ ಹುಡುಗಿ ತುಂಬಿದ ರೂಮಿನಲ್ಲಿ ನನ್ನ ಹೆಸರು ಕೂಗಿ, “ಗಂಡ ಹೆಂಡ್ತಿ ಪ್ರಾಬ್ಲಮ್ಮಾ ಸಾರ್?” ಅಂತ ಕೇಳಿದಳು. ಒಳಗೆ ಹೋದ ಹದಿನೈದು ನಿಮಿಷಕ್ಕೆ ನನ್ನ ಹೆಂಡತಿಗೆ ಉಪದೇಶ: “ಹೆಣ್ಣುಮಕ್ಕಳು ಸ್ವಲ್ಪ ತಗ್ಗಿ ನಡೆದ್ರೆ ಸಂಸಾರ ಚೆನ್ನಾಗಿರುತ್ತಮ್ಮ.” ದುಡ್ಡು ಕೊಟ್ಟು ಇನ್ನೊಂದು ಪಂಚಾಯ್ತಿ ಮಾಡಿಸಿಕೊಂಡ ಹಾಗಾಯಿತು. ಗೋಡೆ ಮೇಲೆ ಫ್ರೇಮ್ ಹಾಕಿದ ಸರ್ಟಿಫಿಕೇಟ್ ಇತ್ತು. ಅದು ಮೂರು ತಿಂಗಳ ಕೋರ್ಸಿನದು ಅಂತ ಮೆಟ್ಟಿಲಿಳಿಯುವಾಗ ಹೆಂಡತಿ ಹೇಳಿದಳು. ಅವಳು ಟೀಚರ್, ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಹಾಗಾಗಿ ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಅಂದರೆ ಮನೋವೈದ್ಯರು. ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಕೊಡಲ್ಲ, ಮಾತಿನ ಚಿಕಿತ್ಸೆ ಮಾಡುತ್ತಾರೆ. ಅವರು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ ಪ್ರಕಾರ ನಡೆಯುವ ಸಂಸ್ಥೆ ಅದು. ನೋಂದಣಿ ನಂಬರ್ ಕೇಳಿ ಅದರ ವೆಬ್‌ಸೈಟಲ್ಲಿ ನೋಡಬಹುದು. ‘ಕೌನ್ಸೆಲರ್’ ಅನ್ನುವ ಬೋರ್ಡನ್ನು ಮಾತ್ರ ಯಾರ್ಯಾರೋ ಹಾಕಿಕೊಂಡಿದ್ದಾರೆ. ಎಂಎಸ್‌ಸಿ ಸೈಕಾಲಜಿ, ಎಂಎಸ್‌ಡಬ್ಲ್ಯೂ ಓದಿ ಒಳ್ಳೆ ತರಬೇತಿ ಪಡೆದ ಕೌನ್ಸೆಲರುಗಳೂ ಬೇಕಾದಷ್ಟಿದ್ದಾರೆ, ಅವರನ್ನು ನಾನು ಅಂತಿಲ್ಲ. ಏನು ಓದಿದ್ದೀರಿ, ಎಲ್ಲಿ ತರಬೇತಿ, ಗಂಡ ಹೆಂಡತಿ ಕೇಸು ಎಷ್ಟು ವರ್ಷದಿಂದ ನೋಡುತ್ತಿದ್ದೀರಿ ಅಂತ ಕೇಳಿ. ಮುಖ ಗಂಟು ಹಾಕಿದರೆ ಎದ್ದು ಬನ್ನಿ. ನನ್ನ ಅಂಗಡಿಗೆ ಬರುವ ರೈತ ತಾಮ್ರದ ತಂತಿನಾ ಅಲ್ಯೂಮಿನಿಯಮ್ಮಾ ಅಂತ ಕೇಳದೆ ಮೋಟರನ್ನು ಟೆಂಪೋದಿಂದ ಇಳಿಸಲ್ಲ.

ನಿದ್ದೆ ವಿಷಯಕ್ಕೆ ನಾನು ಮೊದಲು ಹೋದದ್ದು ಮನೋವೈದ್ಯರ ಹತ್ತಿರ. ಹೊರಗೆ ಬೆಂಚಿನ ಮೇಲೆ ನಮ್ಮ ಬೀದಿಯ ಹಾಲಿನವರು ಕೂತಿದ್ದರು. ಇಬ್ಬರೂ ಒಟ್ಟಿಗೆ ‘ಏನಿಲ್ಲ, ಸುಮ್ನೆ’ ಅಂದೆವು. ಡಾಕ್ಟರ್ ಮಾತ್ರೆ ಕೊಟ್ಟರು. ಕೆಲಸ ಮಾಡಲು ಎರಡು ಮೂರು ವಾರ ಹಿಡಿಯುತ್ತದೆ, ಚೆನ್ನಾಗಾಯಿತು ಅಂತ ನೀವೇ ನಿಲ್ಲಿಸಬೇಡಿ ಅಂದರು. ಜೊತೆಗೆ ಒಬ್ಬ ಸೈಕಾಲಜಿಸ್ಟ್ ನಂಬರ್ ಬರೆದುಕೊಟ್ಟರು. ಅವರ ಹತ್ತಿರ ಒಬ್ಬನೇ 5 ವಾರ ಹೋದೆ. ಹೆಂಡತಿಯನ್ನೂ ಕರೆತರಲಾ ಅಂತ ಕೇಳಿದಾಗ ಅವರು ಒಪ್ಪಲಿಲ್ಲ. “5 ವಾರದಿಂದ ನಿಮ್ಮ ಕಡೆಯ ಕಥೆ ಮಾತ್ರ ಕೇಳಿದ್ದೀನಿ. ಈಗ ಅವರು ಬಂದ್ರೆ ಅವರಿಗೆ ನ್ಯಾಯ ಆಗಲ್ಲ. ಬೇರೆಯವರನ್ನ ನೋಡಿ.” ಬಂದ ಗಿರಾಕಿಯನ್ನು ಬೇಡ ಅನ್ನುವವರೂ ಇದ್ದಾರಾ ಅಂತ ಆಶ್ಚರ್ಯವಾಯಿತು. ಆ ಮಾತಿನಿಂದಲೇ ನನಗೆ ಈ ಕೆಲಸದ ಮೇಲೆ ಗೌರವ ಬಂದದ್ದು. ಅವರು ಹೇಳಿದವರೇ ಈಗಿನ ಮೇಡಂ.

ಆ ಮೊದಲ ಫೋನ್. ಅಂಗಡಿ ಹಿಂದೆ, ಲೇತ್ ಮಶೀನ್ ಸದ್ದಿನಲ್ಲಿ ಯಾರಿಗೂ ಕೇಳಿಸದ ಹಾಗೆ ನಿಂತು ಮಾಡಿದೆ. ಕೇಳಿಸದೆ ಇದ್ದದ್ದು ಮೇಡಂಗೇ. ಮೂರು ಸಲ “ಏನಂದ್ರಿ?” ಅಂದರು. ಆಮೇಲೆ ರಸ್ತೆಗೆ ಬಂದು ಮಾತಾಡಿದೆ. ನಾಲ್ಕೇ ನಿಮಿಷದಲ್ಲಿ ಎಲ್ಲ ಹೇಳಿದರು. ಒಬ್ಬರಿಗಾದರೆ 50 ನಿಮಿಷ, 800 ರೂಪಾಯಿ. ಇಬ್ಬರಿಗಾದರೆ 80 ನಿಮಿಷ, 1,300. ಮೊದಮೊದಲು ವಾರಕ್ಕೊಂದು ಸಲ, ಆಮೇಲೆ ಹದಿನೈದು ದಿನಕ್ಕೆ. ವಾಟ್ಸಾಪ್ ಟೈಮ್ ಬದಲಿಸೋಕೆ ಮಾತ್ರ, ರಾತ್ರಿ ಜಗಳದ ವಾಯ್ಸ್ ಮೆಸೇಜ್ ಕಳಿಸಬಾರದು. ಬರದಿದ್ದರೆ 24 ಗಂಟೆ ಮುಂಚೆ ಹೇಳಬೇಕು, ಇಲ್ಲವಾದರೆ ಪೂರ್ತಿ ಫೀಸ್.

ಇದಕ್ಕೆ ಮುಂಚೆ ಇನ್ನೆರಡು ಕಡೆ ಫೀಸ್ ಕೇಳಿದ್ದೆ. ‘ಬನ್ನಿ ಸಾರ್, ದುಡ್ಡಿಂದೇನು, ಮಾತಾಡೋಣ’ ಅಂದಿದ್ದರು. ನಮ್ಮ ಕಡೆ ದುಡ್ಡಿನ ಮಾತು ಮೊದಲೇ ಆಡಿದರೆ ಮರ್ಯಾದೆ ಕಮ್ಮಿ ಅನ್ನುವ ಭಾವನೆ ಇದೆ. ನನ್ನ ಕೇಳಿದರೆ ದುಡ್ಡು ಮೊದಲೇ ಹೇಳದವರ ಹತ್ತಿರ ಹೋಗಲೇಬೇಡಿ. ಸಂಸಾರದ ಗುಟ್ಟು ಬಿಚ್ಚಿಟ್ಟ ಮೇಲೆ ಬಿಲ್ ನೋಡಿ ಚೌಕಾಸಿ ಮಾಡಲು ಯಾರಿಗೆ ಬಾಯಿ ಬರುತ್ತದೆ?

24 ಗಂಟೆ ನಿಯಮಕ್ಕೆ ಮಾತ್ರ ಉರಿದುಹೋಯಿತು. ಮಾರ್ಚಲ್ಲಿ ನಮಗೆ ಸೀಸನ್. ಬೋರ್‌ವೆಲ್ ಮೋಟರ್ ಸುಟ್ಟು ಬೆಳೆ ಒಣಗುತ್ತಿದೆ ಅಂತ ಅರಕಲಗೂಡಿಂದ ಒಬ್ಬರು ಬಂದು ನಿಂತರು, ನಾನು ಹೋಗಲಾಗಲಿಲ್ಲ. 1,300 ಕೊಟ್ಟೆ, ಗೊಣಗಿಕೊಂಡೇ ಕೊಟ್ಟೆ. ಆದರೆ ನನಗೆ ಅಂತ ಇಟ್ಟ ಆ ಹೊತ್ತನ್ನು ಅವರು ಇನ್ನೊಬ್ಬರಿಗೆ ಕೊಟ್ಟಿರಲಿಲ್ಲ. ಆಮೇಲಿನಿಂದ ಗುರುವಾರ ಸಂಜೆ 6:30 ಅಂದರೆ ಅಂಗಡಿ ಹುಡುಗನಿಗೇ ಬಿಟ್ಟು ಎದ್ದು ಹೋಗುತ್ತೇನೆ. ಇನ್ನೊಂದು, ಫೋನ್‌ಪೇ ಮಾಡಿದರೆ ಸ್ಟೇಟ್‌ಮೆಂಟಲ್ಲಿ ಯಾವ ಹೆಸರು ಬರುತ್ತದೆ ಅಂತ ಕೇಳಿಕೊಳ್ಳಿ. ನಮ್ಮ ಅಂಗಡಿ ಲೆಕ್ಕ ಬರೆಯುವವನು ಹೆಂಡತಿಯ ಚಿಕ್ಕಮ್ಮನ ಮಗ. ನಾನು ಕ್ಯಾಶ್ ಕೊಡುತ್ತೇನೆ.

ಮೇಡಂ ರೂಮು ಇರುವುದು ಒಂದು ಹಲ್ಲಿನ ಕ್ಲಿನಿಕ್ ಮೇಲಿನ ಮಹಡಿಯಲ್ಲಿ. ಮೊದಲೆರಡು ವಾರ ಸ್ಕೂಟರನ್ನು ಎನ್.ಆರ್. ಸರ್ಕಲ್ ಕಡೆ ನಿಲ್ಲಿಸಿ ನಡೆದು ಹೋದೆವು, ನಾನು ಮುಂದೆ, ಅವಳು ಹಿಂದೆ, ಪರಿಚಯವೇ ಇಲ್ಲದವರ ಹಾಗೆ. ಮೂರನೇ ವಾರ ಮಳೆ. ಬಾಗಿಲಲ್ಲೇ ನಿಲ್ಲಿಸಿದೆ. ಅಷ್ಟರಲ್ಲಿ ಗಿರಾಕಿಯೊಬ್ಬ ನೋಡಿ “ಹಲ್ಲು ನೋವಾ ಅಣ್ಣ?” ಅಂದ. ಹೂಂ ಅಂದೆ. ಆಮೇಲೆ ಒಂದು ತಿಂಗಳು ಅವನು ಅಂಗಡಿಗೆ ಬಂದಾಗಲೆಲ್ಲ ನಾನು ದವಡೆ ಹಿಡಿದುಕೊಳ್ಳಬೇಕಾಯಿತು.

ಮೊದಲ ದಿನ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಓದಿ ಸಹಿ ಮಾಡಿ ಅಂದರು. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ ಅಂತ ಅದರಲ್ಲಿತ್ತು. ಅದು ಅವರ ದೊಡ್ಡತನ ಅಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಕೊಟ್ಟ ಹಕ್ಕು. ಆದರೆ ಯಾರ ಜೀವಕ್ಕಾದರೂ ಅಪಾಯ ಇದ್ದರೆ ಅವರು ಗುಟ್ಟು ಬಿಟ್ಟುಕೊಡಬಹುದು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ತಿಳಿದರೆ ಪೋಕ್ಸೋ ಪ್ರಕಾರ ತಿಳಿಸಲೇಬೇಕು. ಗಂಡ ಹೆಂಡತಿಗೆ ಇನ್ನೊಂದು ಮಾತಿತ್ತು. ಒಬ್ಬರೇ ಬಂದಾಗ ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವ ಜವಾಬ್ದಾರಿ ಮೇಡಂ ಹೊರಲ್ಲ. ಎಲ್ಲರೂ ಹೀಗೇ ಮಾಡಲ್ಲವಂತೆ, ಒಬ್ಬೊಬ್ಬರದು ಒಂದೊಂದು ಪದ್ಧತಿ. ಮೊದಲೇ ಕೇಳಿ. 4 ಲಕ್ಷ ಮುಚ್ಚಿಟ್ಟವನು ಆ ಸಾಲನ್ನು ಎರಡು ಸಲ ಓದಿದೆ.

ಎರಡನೇ ವಾರ ನಮ್ಮನ್ನು ಬೇರೆ ಬೇರೆ ಕರೆದರು. ಹೆಂಡತಿಯನ್ನು ಕೇಳಿದ ಮೊದಲ ಪ್ರಶ್ನೆ, ‘ಮನೆಯಲ್ಲಿ ಹೊಡೆಯೋದು, ಹೆದರಿಸೋದು ಇದೆಯಾ’ ಅಂತ. ಗೊತ್ತಾದಾಗ ನನಗೆ ಸಿಟ್ಟು ಬಂತು, ನನ್ನನ್ನು ಏನಂದುಕೊಂಡಿದ್ದಾರೆ ಅಂತ. ಎರಡು ದಿನ ಬಿಟ್ಟು ಯೋಚಿಸಿದರೆ ಅದೇ ಸರಿ. ಹೊಡೆತ ಇರುವ ಮನೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ, ಅಲ್ಲಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಅವಳೇ ಬೆಲೆ ತೆರಬೇಕು. ಅಂಥ ಕಡೆ ಜೋಡಿ ಕೌನ್ಸೆಲಿಂಗ್ ಸಲ್ಲ. ಮೊದಲು 181 ಮಹಿಳಾ ಸಹಾಯವಾಣಿ, 2005ರ ಕೌಟುಂಬಿಕ ಹಿಂಸೆ ಕಾಯ್ದೆ. ನಮ್ಮ ಪಂಚಾಯ್ತಿಯ ಮೂವರು ಹಿರಿಯರಲ್ಲಿ ಒಬ್ಬರಿಗೂ ಈ ಪ್ರಶ್ನೆ ಕೇಳಬೇಕು ಅನ್ನಿಸಿರಲಿಲ್ಲ.

ಇನ್ನು ಭಾಷೆ. ಇದಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ. ಒಂದು ಗುರುವಾರ ಮೇಡಂ ಹೆಂಡತಿಯನ್ನು ಆ ದುಡ್ಡಿನ ವಿಷಯ ಕೇಳಿದರು. ಅವಳು “ಬೇಜಾರಾಯ್ತು” ಅಂದಳು. ನಾನು ಗಡಿಯಾರ ನೋಡಿದೆ, ಇದನ್ನು ನೂರು ಸಲ ಕೇಳಿದ್ದೇನಲ್ಲ. ಮೇಡಂ ಬಿಡಲಿಲ್ಲ. “ಯಾವ ಬೇಜಾರು? ಮಗಳು ಹಾಸ್ಟೆಲಿಗೆ ಹೋದಾಗ ಆಗುತ್ತಲ್ಲ, ಆ ಥರದ್ದಾ? ಯಾರಾದ್ರೂ ಅವಮಾನ ಮಾಡಿದಾಗ ಆಗೋದಾ? ಸಾಕಾಗಿ ಹೋಯ್ತು ಅನ್ನೋದಾ?” ಫ್ಯಾನ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಬ್ಯಾಗಿನ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಆಮೇಲೆ ಹೇಳಿದಳು: “ನಾನು ಈ ಮನೇಲಿ ಬಾಡಿಗೆಗೆ ಇದ್ದೀನಿ ಅನ್ನಿಸ್ತು.” ಹದಿನೇಳು ವರ್ಷ ಅವಳ ಬಾಯಲ್ಲಿ ‘ಬೇಜಾರು’ ಕೇಳಿ ನಾನು ಅದನ್ನು ಸಿಟ್ಟು ಅಂದುಕೊಂಡಿದ್ದೆ. ಇಂಗ್ಲಿಷಲ್ಲಿ ಮಾತಾಡುವ ಥೆರಪಿಸ್ಟ್ ಎಷ್ಟೇ ದೊಡ್ಡವರಾಗಿರಲಿ, ಈ ಪದದ ಒಳಗೆ ಹೀಗೆ ಕೈ ಹಾಕುತ್ತಿದ್ದರಾ? ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆ ಬಗ್ಗೆ ದಶಕಗಟ್ಟಲೆ ಸರಳ ಕನ್ನಡದಲ್ಲಿ ಬರೆದರಲ್ಲ, ಅದರ ಬೆಲೆ ನನಗೆ ಗೊತ್ತಾಗಿದ್ದು ಅವತ್ತು.

ಅಷ್ಟು ಹೇಳಿ ಅವಳು ಅಳುತ್ತಿರುವಾಗಲೇ ಮೇಡಂ “ಇನ್ನು ಹತ್ತು ನಿಮಿಷ ಇದೆ” ಅಂದರು. ಕಲ್ಲು ಮನಸ್ಸು ಅನ್ನಿಸಿತು. ಆ ಹತ್ತು ನಿಮಿಷ ಇಟ್ಟಿದ್ದೇ ಕಣ್ಣೊರೆಸಿಕೊಂಡು ರಸ್ತೆಗೆ ಇಳಿಯೋಕೆ ಅಂತ ಆಮೇಲೆ ತಿಳಿಯಿತು. ಸೆಷನ್ ಮುಗಿದ ತಕ್ಷಣ ಮನೆಗೆ ಹೋಗಬೇಡಿ. ನಾವು ಮಹಾರಾಜ ಪಾರ್ಕಲ್ಲಿ ಸ್ವಲ್ಪ ಹೊತ್ತು ಕೂತು, ಒಂದು ಕಾಫಿ ಕುಡಿದು ಹೋಗುತ್ತೇವೆ.

ಸಕಲೇಶಪುರ, ಬೇಲೂರು ಕಡೆ ತೋಟದಲ್ಲಿರುವವರಿಗೆ ಆನ್‌ಲೈನ್ ಅನುಕೂಲ. ನೆಟ್‌ವರ್ಕ್ ಇದ್ದರೆ. ಬೆಂಗಳೂರಿನವರು ತಗೊಳ್ಳೋ ಫೀಸ್ ಇಲ್ಲಿಗಿಂತ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡೋಕೆ ರೂಮು ಸಿಗದೆ ಇರೋದು. ಹೆಂಡತಿಯ ಸ್ನೇಹಿತೆಯೊಬ್ಬಳು ಕಾರಲ್ಲಿ ಕೂತು ಮಾತಾಡುತ್ತಾಳೆ, ಅತ್ತೆಗೆ ಡ್ರೈವಿಂಗ್ ಕ್ಲಾಸ್ ಅಂತ ಹೇಳಿದ್ದಾಳೆ.

ಇನ್ಶೂರೆನ್ಸ್ ನೆಚ್ಚಿಕೊಳ್ಳಬೇಡಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ವಿಮೆ ಕೊಡಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ, ಆದರೆ ನನ್ನ ಪಾಲಿಸಿ ಆಸ್ಪತ್ರೆಗೆ ಸೇರಿದರೆ ಮಾತ್ರ. ಇಷ್ಟು ಖರ್ಚು ಆಗಲ್ಲ ಅನ್ನುವವರಿಗೆ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಲ್ಲಿ ಶುರುವಾಗಿದ್ದು, ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲಿ. ಏನೂ ಬೇಡ, ಸತ್ತುಹೋಗೋಣ ಅನ್ನಿಸುತ್ತಿದ್ದರೆ ಗುರುವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಈಗಲೇ ಆ ನಂಬರಿಗೆ ಫೋನ್ ಮಾಡಿ.

ನಾವು ಈಗ ತಿಂಗಳಿಗೊಂದು ಸಲ ಹೋಗುತ್ತೇವೆ. ಎಲ್ಲ ಸರಿಹೋಯಿತಾ ಅಂತ ಕೇಳಬೇಡಿ, ತಮ್ಮ ಇನ್ನೂ 3 ಲಕ್ಷ ಕೊಡಬೇಕು.

ಇದನ್ನು ಹಾಕುವ ಮುಂಚೆ ಹೆಂಡತಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು, ಪರೀಕ್ಷೆ ಪೇಪರ್ ತಿದ್ದುವ ಹಾಗೆ ಓದಿದಳು. ಎರಡು ಪ್ಯಾರಾ ತೆಗೆಸಿದಳು. ಮುಂದೆ ಹಿಂದೆ ನಡೆದದ್ದರ ಹತ್ತಿರ ಬೆರಳಿಟ್ಟು, “ಮುಂದೆ ನಡೀತಿದ್ದೋಳು ನಾನು, ಹಿಂದೆ ಬರ್ತಿದ್ದಿದ್ದು ನೀವು” ಅಂದಳು. ನನಗೆ ಹಾಗೆ ನೆನಪಿಲ್ಲ. ಈ ಗುರುವಾರ ಅಲ್ಲೇ ಕೇಳೋಣ ಅಂತ ಬಿಟ್ಟಿದ್ದೇವೆ.