ಸತ್ಯಾಂಶ: ನೋಂದಾಯಿತ ಉಯಿಲು ಇದ್ದರೆ ಮನೆ ಕೊಳ್ಳಲು ಅಷ್ಟೇ ಸಾಕೇ?

ಉಯಿಲು ನೋಂದಣಿಯಾಗಿದ್ದರೆ ಯಾರೂ ಪ್ರಶ್ನಿಸುವಂತಿಲ್ಲ, ಪ್ರೊಬೇಟ್ ಅರ್ಜಿ (ಉಯಿಲು ನೈಜವೆಂದು ನ್ಯಾಯಾಲಯ ದೃಢೀಕರಿಸಬೇಕೆಂದು ಕೋರುವ ಅರ್ಜಿ) ಬಾಕಿಯಿದ್ದರೂ ಮನೆಯನ್ನು ಧೈರ್ಯವಾಗಿ ಕೊಳ್ಳಬಹುದು ಎಂಬ ಸಂದೇಶ ಕಾಸರಗೋಡು, ಮಂಜೇಶ್ವರದ ಕಡೆ ಮತ್ತೆ ಮತ್ತೆ ಹರಿದಾಡುತ್ತದೆ. ಇದು ಸರಿಯಲ್ಲ. 1908ರ ನೋಂದಣಿ ಕಾಯ್ದೆಯಂತೆ ಉಯಿಲಿನ ನೋಂದಣಿ ಐಚ್ಛಿಕ. ನೋಂದಣಿಯಾದ ಮಾತ್ರಕ್ಕೆ ಅದರ ನೈಜತೆ ಸಾಬೀತಾಗುವುದಿಲ್ಲ. ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳ ಸಹಿ ಬೇಕು, ವಿವಾದವಿದ್ದರೆ ತೀರ್ಮಾನ ನ್ಯಾಯಾಲಯದ್ದು.

ಸಂದೇಶ ಹಂಚುವವರ ಉದ್ದೇಶ ಒಳ್ಳೆಯದೇ ಇರುತ್ತದೆ, ಆದರೆ ಇಲ್ಲಿ ಕಳೆದುಹೋಗುವುದು ಒಂದು ಕುಟುಂಬದ ಜೀವಮಾನದ ಉಳಿತಾಯ. ಋಣಭಾರ ಪ್ರಮಾಣಪತ್ರದಲ್ಲಿ ಏನೂ ಕಾಣಲಿಲ್ಲವೆಂದು ಹಲವರು ನಿಶ್ಚಿಂತರಾಗುತ್ತಾರೆ. ಅದು ನೋಂದಣಿ ಕಚೇರಿಯಲ್ಲಿರುವ ಆಸ್ತಿ ವಹಿವಾಟುಗಳ 1ನೇ ಪುಸ್ತಕವನ್ನು ಆಧರಿಸಿರುತ್ತದೆ, ಉಯಿಲು ದಾಖಲಾಗುವುದು 3ನೇ ಪುಸ್ತಕದಲ್ಲಿ. ಬರೆದವರು ತೀರಿಕೊಂಡ ಬಳಿಕ ಅದರ ನಕಲನ್ನು ಯಾರು ಬೇಕಾದರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ಪಡೆಯಬಹುದು. ಆದರೂ, ಆಮೇಲೆ ಬರೆದ, ನೋಂದಣಿಯಾಗದ ಇನ್ನೊಂದು ಉಯಿಲು ಇರುವ ಸಾಧ್ಯತೆ ಉಳಿಯುತ್ತದೆ.

ಆದ್ದರಿಂದ ಪ್ರೊಬೇಟ್ ಅರ್ಜಿಯ ಸಂಖ್ಯೆಯನ್ನು ಮಾರಾಟಗಾರರಿಂದ ಕೇಳಿ ಪಡೆದು, ವಾರಸುದಾರರ ತಕರಾರು ಇದೆಯೇ ಎಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲೂ ವಕೀಲರ ಮೂಲಕವೂ ನೋಡಿಕೊಳ್ಳಿ. ಮಲಯಾಳದಲ್ಲಿರುವ ದಾಖಲೆಗಳನ್ನು ಭಾಷೆ ಬಲ್ಲವರಿಂದ ಪೂರ್ತಿ ಓದಿಸಿಕೊಳ್ಳದೆ ಮುಂಗಡ ಕೊಡಬೇಡಿ.